ಡಾಸ್ ಮತ್ತು ಆರುನೂರ ನಲವತ್ತು ಹೆಸರುಗಳು

ಸೇಡಂ
೧೬ ಸೆಪ್ಟೆಂಬರ್ ೨೦೦೭

ನನ್ನ ಪ್ರೀತಿಯ ಭಾಗ್ಯ,

ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿಯಬೇಡ, ಓದು. ಈ ಏಳು ವರ್ಷದಲ್ಲಿ ನಾಲ್ಕು ಸಲ ನಿನಗೆ ಬರೆಯಲು ಕೂತಿದ್ದೇನೆ, ನಾಲ್ಕೂ ಸಲ ಮೊದಲ ಸಾಲಿಗೇ ಪೆನ್ನು ನಿಂತಿತು. ನೀನು ಎಲ್ಲಿದ್ದೀ ಎಂಬುದೂ ಗೊತ್ತಿರಲಿಲ್ಲ. ಹೋದ ವಾರ ನಮ್ಮ ಕಾಲೇಜಿನ ಯುಪಿಎಸ್‌ಗೆ ಬ್ಯಾಟರಿ ಹಾಕಲು ಗನಿಸಾಬ ಬಂದಿದ್ದ. ಮಾತಿಗೆ ಮಾತು ಬಂದು, "ಚಂದಾಪುರದಾಗ ಒಬ್ರು ಬಾಯಾರು ಅದಾರ್ರಿ ಮೇಡಂ, ಸತ್ತ ಮದರ್‌ಬೋರ್ಡಿಗೂ ಜೀವಾ ತರ್ತಾರ. ಭಾಗ್ಯ ಅಂತ," ಅಂದ. ಹಣೆಯ ಮೇಲೆ ಹೊಲಿಗೆಯ ಗುರುತು ಇದೆಯೇ ಎಂದು ಕೇಳಿದೆ. ಹೌದು ಅಂದ. ನಿನ್ನ ಅಂಗಡಿಯ ವಿಳಾಸವನ್ನೂ ಫೋನ್ ನಂಬರನ್ನೂ ಬರೆಸಿಕೊಂಡೆ. ಫೋನ್ ಮಾಡುವ ಧೈರ್ಯ ಬರಲಿಲ್ಲ.

ನಾನು ಈಗ ಇಲ್ಲಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನಮ್ಮವರು ಸುಮಧ್ವ, ವಕೀಲರು. ಮಗಳು ಶ್ರೀವಾಣಿಗೆ ಐದು ತುಂಬಿದೆ. ಈ ಪತ್ರಕ್ಕೆ ಅವಳೇ ಕಾರಣ ಎನ್ನಬೇಕು. ಹೋದ ಭಾನುವಾರ ಓಣಿಯಿಂದ ಒಂದು ಕರಿ ನಾಯಿಮರಿಯನ್ನು ಫ್ರಾಕಿನಲ್ಲಿ ಸುತ್ತಿಕೊಂಡು ಬಂದಳು. ನಾನು ಅದನ್ನು ಹೊರಗೆ ಬಿಡಿಸಿ ಬಾಗಿಲು ಹಾಕಿಕೊಂಡೆ. "ಅಮ್ಮಾ, ಅದು ಏನ್ ಮಾಡ್ತು ನಿನಗ?" ಅಂತ ಕೇಳಿದಳು. ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಉತ್ತರ ಕೊಡಬೇಕಾದದ್ದು ಅವಳಿಗಲ್ಲ, ನಿನಗೆ.

ವಾಡಿ ಜಂಕ್ಷನ್ ನೆನಪಾಗುತ್ತದೆ. ನಾನು ಸೇಡಂನಿಂದ ಬಂದು ಇಳಿಯುತ್ತಿದ್ದೆ. ನೀನು ಸನ್ನತಿ ಕಡೆಯ ನಿಮ್ಮ ಹಳ್ಳಿಯಿಂದ ಟಂಟಂ ಹಿಡಿದು ನಾಲವಾರಕ್ಕೆ, ಅಲ್ಲಿಂದ ರೈಲಿನಲ್ಲಿ ಬರುತ್ತಿದ್ದೆ. ಗುರುರಾಜ ಸರ್ ಅವರ ಕಂಪ್ಯೂಟರ್ ಕೇಂದ್ರದ ಕೆಲಸಕ್ಕೆ ಹೋಗಲು ಶಹಾಬಾದಿನ ಗಾಡಿ ಬರುವತನಕ ಪ್ಲಾಟ್‌ಫಾರ್ಮಿನ ಮೇಲೆ ಸೈದಾನಬಿಯ ಅಂಗಡಿಯ ಚಹಾ. ಪುಸ್ತಕದ ಅಂಗಡಿಗೆ ತಿಂಗಳು ತಡವಾಗಿ ಬರುತ್ತಿದ್ದ ಕಂಪ್ಯೂಟರ್ ಪತ್ರಿಕೆಯನ್ನು ಇಬ್ಬರೂ ಒಂದೇ ಬೆಂಚಿನ ಮೇಲೆ ಓದುತ್ತಿದ್ದೆವು. ನಿನ್ನ ಮದುವೆಯ ಮಾತು ಯಾರಾದರೂ ತೆಗೆದರೆ ನೀನು "ಸಿ.ಎಲ್.ಎಸ್." ಅನ್ನುತ್ತಿದ್ದೆ, ಪರದೆ ಒರೆಸು ಅಂತ. ಪಕ್ಕದಲ್ಲಿದ್ದವರು ಅದೇನೋ ಬೈಗುಳ ಎಂದುಕೊಳ್ಳುತ್ತಿದ್ದರು.

ಆ ಮರಿ ಸಿಕ್ಕಿದ್ದೂ ಅಲ್ಲಿಯೇ. ಸೈದಾನಬಿ ಬುಟ್ಟಿಯಿಂದ ಎತ್ತಿ ತೋರಿಸಿ, "ನೋಡ್ ಬೇಟಿ, ಇದೂ ನಿಮ್ಮಂಗ ದಿನಾ ಶಹಾಬಾದ್ ಗಾಡಿ ಹತ್ಲಿಕ್ಕೆ ನೋಡ್ತದ, ಒಯ್ರಿ," ಅಂದಳು. ಮೈಯೆಲ್ಲ ಕಪ್ಪು, ಬಾಲದ ತುದಿ ಮಾತ್ರ ಬಿಳಿ. ಕರಿ ಪರದೆಯ ಮೇಲೆ ಕರ್ಸರ್ ಮಿಣುಕಿದ ಹಾಗೆ ಬಾಲ ಆಡಿಸುತ್ತಿತ್ತು. ಆ ಕರಿ ಪರದೆಯ ಹೆಸರನ್ನೇ, ಡಾಸ್ ಎಂದು, ಅದಕ್ಕೆ ಇಟ್ಟವಳು ನಾನು. ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಗಾಡಿ ಹತ್ತಿಸಿದವಳು ನೀನು. ನಮ್ಮದು ಮಡಿಯ ಮನೆ, ನಾಯಿ ಮುಟ್ಟಿದ ದಿನ ಹಿತ್ತಲ ಬಾಗಿಲಿನಿಂದ ಹೋಗಿ ಸ್ನಾನ ಮಾಡಬೇಕಿತ್ತು. ಆದರೂ ಎರಡು ವರ್ಷ ಅದು ಕೇಂದ್ರದಲ್ಲಿ ನನ್ನ ಮೇಜಿನ ಕೆಳಗೆ, ನನ್ನ ಪಾದದ ಮೇಲೆ ಗದ್ದ ಇಟ್ಟೇ ಮಲಗಿತು. ಹಿತ್ತಲಿನಲ್ಲಿ ನೀರು ಸುರಿದುಕೊಳ್ಳುವಾಗ ಒಂದು ದಿನವೂ ಬೇಸರ ಆಗಲಿಲ್ಲ.

ಗುರುರಾಜ ಸರ್ ಅವರ ಆ ಕೇಂದ್ರದಲ್ಲಿ ನಾವು ಮಾಡಿದ ದೊಡ್ಡ ಕೆಲಸವೆಂದರೆ ರಕ್ತದಾನಿಗಳ ಪಟ್ಟಿ. ನಿಮ್ಮ ವೈನಿ ಶಿವಕಾಂತಮ್ಮನ ಹೆರಿಗೆಯಲ್ಲಿ ರಕ್ತಕ್ಕಾಗಿ ಮನೆಮಂದಿಯೆಲ್ಲ ಎರಡು ದಿನ ಓಡಾಡಿದ್ದು ನಿನ್ನ ತಲೆಯಲ್ಲಿ ಕೂತಿತ್ತು. ಯಾರ ರಕ್ತ ಯಾವ ಗುಂಪಿನದು, ಅವರ ಮನೆ ಎಲ್ಲಿ ಎಂದು ಒತ್ತಿದ ಕೂಡಲೇ ತೋರಿಸುವ ಪ್ರೋಗ್ರಾಂ ಬರೆದೆವು. ನೀನು ನೋಟುಬುಕ್ ಹಿಡಿದು ಸಿಮೆಂಟ್ ಕಾಲನಿ, ಫರ್ಸಿ ಕಲ್ಲಿನ ಗಣಿ, ರೈಲ್ವೆ ವಸತಿ ಎಲ್ಲ ತಿರುಗಿದೆ. ಆರುನೂರ ನಲವತ್ತು ಹೆಸರಾದವು.

ಆ ದಿನದ್ದು ಹೇಳುತ್ತೇನೆ. ೨೦೦೦ದ ಮಾರ್ಚ್ ಇಪ್ಪತ್ತೆರಡು, ಬುಧವಾರ. ಮರುದಿನ ಊರಿನ ಹಿರಿಯರನ್ನು ಕರೆಸಿ ಪಟ್ಟಿ ತೋರಿಸುವುದೆಂದು ಸರ್ ಗೊತ್ತುಮಾಡಿದ್ದರು. ಕೊನೆಯ ಕೆಲವು ಹೆಸರಿಗಾಗಿ ನೀನು ವಾಡಿಗೆ ಹೋಗಿದ್ದೆ. ಮಧ್ಯಾಹ್ನ ನಾನೊಬ್ಬಳೇ, ಕಾಲಡಿ ಡಾಸ್. ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ಮಾಡಿದ್ದ ಒಂದು ಹಳೆಯ ಪಟ್ಟಿಯನ್ನು ಖಾಲಿ ಮಾಡಲು ಹೋದೆ. ಫಾಕ್ಸ್‌ಪ್ರೋದಲ್ಲಿ ಅದಕ್ಕೆ ಒಂದೇ ಪದ, 'ಝ್ಯಾಪ್'. ಯಾವ ಪಟ್ಟಿ ತೆರೆದಿದೆ ಎಂದು ನೋಡಲಿಲ್ಲ. ಖಾತ್ರಿಯೇ ಎಂದು ಅದು ಕೇಳಿತು, ಹೌದು ಎಂದು ಒತ್ತಿದೆ. ಆರುನೂರ ನಲವತ್ತು ಇದ್ದ ಕಡೆ ಸೊನ್ನೆ ಬಂತು.

ಬ್ಯಾಕಪ್ ಫ್ಲಾಪಿ ಇತ್ತು. ಗಡಬಡಿಸಿ ಹಾಕಿದೆ. ಫ್ಲಾಪಿಯಿಂದ ಕಂಪ್ಯೂಟರಿಗೆ ನಕಲು ಮಾಡುವುದು ಬಿಟ್ಟು ಕಂಪ್ಯೂಟರಿನಿಂದ ಫ್ಲಾಪಿಗೆ ಮಾಡಿದೆ. ತುಂಬಿದ ಪಟ್ಟಿಯ ಮೇಲೆ ಖಾಲಿ ಪಟ್ಟಿ ಹೋಗಿ ಕೂತಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಮೊದಲ ಸಲ ಬರೆಯುತ್ತಿದ್ದೇನೆ.

ಆಗಲೇ ಸರ್ ಒಳಗೆ ಬಂದರು. ನಮ್ಮ ತಾಯಿಯ ಕಡೆಯಿಂದ ಅವರು ನನಗೆ ಮಾವ ಆಗಬೇಕು, ನಿನಗೆ ಗೊತ್ತಿದ್ದದ್ದೇ. "ಯಾಕವಾ, ಮಾರಿ ಹಿಂಗ್ಯಾಕ ಆಗೇದ?" ಅಂದರು. ಡಾಸ್ ವೈರುಗಳ ನಡುವೆ ಮಲಗಿತ್ತು. ಬಾಯಿ ತಪ್ಪಿ ಬಂದುಬಿಟ್ಟಿತು ಭಾಗ್ಯ: "ಡಾಸ್ ವೈರ್ ಕಚ್ಚಿ ಎಳೀತ್ರಿ ಮಾಮಾ, ಎಲ್ಲಾ ಹೋತು."

ಸಂಜೆ ನೀನು ಬಂದಾಗ ಸರ್ ನಿನಗೆ ಅಂದದ್ದು ನೆನಪಿದೆ. "ನಾಯಿ ತಂದಾಕಿ ನೀನು. ಊರ ಮುಂದ ನನ್ನ ಮಾನ ಹೋಯ್ತು. ನಾಳಿಂದ ಬರಬ್ಯಾಡ." ನೀನು ನನ್ನ ಕಡೆ ನೋಡಿದೆ. ನಾನು ಕೀಬೋರ್ಡ್ ನೋಡುತ್ತಿದ್ದೆ. ಮರುದಿನ ಬೆಳಿಗ್ಗೆ ಡಾಸ್‌ ಅನ್ನು ಬಂದೇನವಾಜನ ಫರ್ಸಿ ಲಾರಿಗೆ ಹತ್ತಿಸಿದರು, ಕುಂಚಾವರಂ ಕಾಡಿನ ಕಡೆ ಬಿಡುವುದಕ್ಕೆ. ನಾನು ಒಳಗೇ ಇದ್ದೆ.

ಒಂದು ಮೂಕಪ್ರಾಣಿಗೆ ಅನ್ಯಾಯ ಮಾಡಿದೆ. ಅದರಿಂದ ನಿನಗೂ ನೋವಾಯಿತು. ಆಗ ನನಗೆ ಇಪ್ಪತ್ತೆರಡು, ಹೆದರಿದ್ದೆ. ಹಳೆಯ ವಾಡಿಯೂ ಈಗ ಇಲ್ಲ, ಸೈದಾನಬಿ ಎಷ್ಟೋ ವರ್ಷದ ಹಿಂದೆಯೇ ಅಂಗಡಿ ಬಿಟ್ಟು ಹೋದಳು. ನಾವಿಬ್ಬರೂ ಬದುಕಿನಲ್ಲಿ ನೆಲೆ ಕಂಡಿದ್ದೇವೆ. ಡಾಸ್‌ನ ವಿಷಯದಲ್ಲಿ ನನ್ನನ್ನು ಕ್ಷಮಿಸು. ಒಮ್ಮೆ ಸೇಡಂಗೆ ಬಾ. ಶ್ರೀವಾಣಿಗೆ ನೀನು ಭಾಳ ಹಿಡಿಸುತ್ತೀ.

ನಿನ್ನ ಉತ್ತರದ ದಾರಿ ನೋಡುವ,
ಧನಶ್ರೀ

ತಾ.ಕ.: ಇನ್ನೊಂದು ಸಣ್ಣ ವಿಷಯ. ನಮ್ಮ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರ ಜಾಗ ಖಾಲಿ ಇದೆ. ಅರ್ಜಿಯಲ್ಲಿ 'ಸ್ವಂತವಾಗಿ ರಚಿಸಿದ ಪ್ರೋಗ್ರಾಂ' ಎಂಬ ಕಡೆ ನಮ್ಮ ರಕ್ತದಾನಿಗಳದ್ದನ್ನು ಬರೆದಿದ್ದೇನೆ. ಈ ತಿಂಗಳ ಕೊನೆಗೆ ಸಂದರ್ಶನ, ಓಡಿಸಿ ತೋರಿಸಿ ಅಂದಿದ್ದಾರೆ. ಗುರುರಾಜ ಸರ್ ಕೇಂದ್ರ ಮುಚ್ಚಿದಾಗ ಕಂಪ್ಯೂಟರುಗಳೆಲ್ಲ ಹೋದವು. ನೀನು ಹೆಸರುಗಳಿಲ್ಲದ ಬರೀ ಪ್ರೋಗ್ರಾಮಿನ ಒಂದು ನಕಲನ್ನು ನಿನ್ನ ಫ್ಲಾಪಿಯಲ್ಲಿ ಇಟ್ಟುಕೊಂಡಿದ್ದೆಯಲ್ಲ, ಇದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಬೇಗ ಕಳಿಸುವೆಯಾ?

⁂

ಚಂದಾಪುರ
೨೨ ಸೆಪ್ಟೆಂಬರ್ ೨೦೦೭

ಧನಶ್ರೀಗೆ,

ನಿನ್ನ ಪತ್ರ ಗುರುವಾರ ಮುಟ್ಟಿತು. ನೀನು ಏನಾಯಿತೆಂದು ಬರೆದಿದ್ದೀ. ನಾನೂ ಬರೆಯುತ್ತೇನೆ, ನಿನ್ನದರಲ್ಲಿ ಬಿಟ್ಟುಹೋದದ್ದಷ್ಟೇ.

ಪಟ್ಟಿಯನ್ನು ನೀನೇ ಅಳಿಸಿದೆ ಎಂಬುದು ನನಗೆ ಆ ಸಂಜೆಯೇ ತಿಳಿಯಿತು. ಕರೆಂಟ್ ಹೋದರೆ ಫೈಲ್ ಕೆಡುತ್ತದೆ, ಹಾಗೆ ಒಪ್ಪವಾಗಿ ಖಾಲಿ ಆಗುವುದಿಲ್ಲ. ಅದೂ ಡ್ರಾಯರಿನಲ್ಲಿ ಇಟ್ಟ ಫ್ಲಾಪಿ ಖಾಲಿ ಆಗುವುದೆಂದರೆ ನಾಯಿ ಅದನ್ನು ತೆಗೆದು, ಹಾಕಿ, ನಕಲು ಮಾಡಿ, ತಿರುಗಿ ಡ್ರಾಯರಿನಲ್ಲಿ ಇಡಬೇಕು. ಗುರುರಾಜ ಸರ್‌ಗೆ ಅದು ಹೊಳೆಯಲಿಲ್ಲ. ನನಗೆ ಹೊಳೆಯುತ್ತದೆಂದು ನಿನಗೆ ಗೊತ್ತಿತ್ತು, ಅದಕ್ಕೇ ಕೀಬೋರ್ಡ್ ನೋಡುತ್ತಿದ್ದೆ.

ವೈರನ್ನೂ ನೋಡಿದೆ. ನಮ್ಮದು ದನ ಕಟ್ಟುವ ಮನೆ. ನಾಯಿ ಅಗಿದ ಹಗ್ಗ, ಕರು ಅಗಿದ ಹಗ್ಗ ಎಲ್ಲ ನೋಡಿಯೇ ಬೆಳೆದವಳು ನಾನು. ನಾಯಿಹಲ್ಲು ಒಂದು ಕಡೆ ಆಳ ಇಳಿಯುತ್ತದೆ, ಇನ್ನೊಂದು ಕಡೆ ಜಾರುತ್ತದೆ. ಆ ವೈರಿನ ಮೇಲೆ ಎರಡೂ ಬದಿಗೆ ಸಾಲಾಗಿ ಗೀರು ಇದ್ದವು. ನನ್ನ ಸಾಮಾನಿನ ಡಬ್ಬಿಯಲ್ಲಿ ಇಕ್ಕಳ ತಲೆಕೆಳಗಾಗಿತ್ತು, ಅದರ ಹಲ್ಲಿನ ಸಂದಿಯಲ್ಲಿ ಕರಿ ಪ್ಲಾಸ್ಟಿಕ್ ಸಿಕ್ಕಿಕೊಂಡಿತ್ತು. ಬಾಯಿ ತಪ್ಪಿ ಬಂತು ಎಂದು ಬರೆದಿದ್ದೀ. ಬಾಯಿ ತಪ್ಪಿದವರು ಇಕ್ಕಳ ಹುಡುಕುವುದಿಲ್ಲ.

ಆಗಲೇ ಯಾಕೆ ಹೇಳಲಿಲ್ಲ ಎಂದು ನನ್ನ ತಮ್ಮ ದೇವಾನಂದ ಇಂದಿಗೂ ಕೇಳುತ್ತಾನೆ. ಅವರು ನಿನಗೆ ಮಾವ. ನಾನು ಹೇಳಿದ್ದರೆ, ಓಡಿಸಿದ್ದಲ್ಲದೆ ನನ್ನನ್ನು ಸುಳ್ಳಿ ಎಂದೂ ಊರೆಲ್ಲ ಹೇಳುತ್ತಿದ್ದರು. ಅದು ಒಂದು ಕಾರಣ. ಇನ್ನೊಂದು, ನೀನೇ ಹೇಳುತ್ತೀ ಅಂದುಕೊಂಡಿದ್ದೆ. ವಾಡಿಯಲ್ಲಿ ರೈಲು ಬದಲಿಸುವತನಕ ತಿರುತಿರುಗಿ ನೋಡಿದೆ, ಹಿಂದಿನಿಂದ ಓಡಿ ಬರುತ್ತೀಯೇನೋ ಅಂತ.

ಬಂದೇನವಾಜನನ್ನು ಮೂರನೆಯ ದಿನ ಗಣಿಯ ಹತ್ತಿರ ಹಿಡಿದೆ. ಪಾಪ, ಅವನು ಮುಚ್ಚಿಡಲಿಲ್ಲ. "ನಾಯಿ ಹತ್ತಲೇ ಇಲ್ಲಕ್ಕಾ. ನಾ ಹಗ್ಗಾ ಜಗ್ಗೀನಿ, ಸಾಹೇಬ್ರು ಜಗ್ಯಾರ, ನೆಲಾ ಹಿಡದು ಕುಂತಿತ್ತು. ಆಮ್ಯಾಲೆ ಆ ಸಣ್ಣ ಬಾಯಾರು ಒಳಗಿಂದ ಬಂದ್ರು, ಬಿಸ್ಕೀಟ್ ತೋರಿಸಿ 'ಬಾ ಡಾಸ್' ಅಂದ್ರು. ಟಣ್ ಅಂತ ಜಿಗದು ಹತ್ತಿತು," ಅಂದ. ನೀನು ಒಳಗೇ ಇದ್ದೆ ಎಂದು ಬರೆದಿದ್ದೀ.

ಡಾಸ್ ಸತ್ತಿತೆಂದು ತಿಳಿದು ನೀನು ಏಳು ವರ್ಷ ಕಳೆದಿದ್ದೀ. ಅದು ಸಾಯಲಿಲ್ಲ. ದೇವಾನಂದನನ್ನು ಕರೆದುಕೊಂಡು ನಾಲ್ಕು ಸಲ ಕುಂಚಾವರಂ ಕಡೆ ಹೋದೆ. ತಾಂಡಾ ತಾಂಡಾ ತಿರುಗಿ, ಬಾರದ ತೆಲುಗಿನಲ್ಲಿ "ನಲ್ಲ ಕುಕ್ಕ, ತೋಕ ತೆಲ್ಲಗಾ", ಕರಿ ನಾಯಿ, ಬಾಲ ಬಿಳಿ ಎಂದು ಕೇಳಿದೆ. ನಾಲ್ಕನೆಯ ಸಲ ಒಬ್ಬ ಮುದುಕಿಯ ಆಡುಗಳ ನಡುವೆ ಸಿಕ್ಕಿತು. ಒಂದು ಕಣ್ಣು ಹೋಗಿತ್ತು, ಕಿವಿ ಹರಿದಿತ್ತು. ನನ್ನ ಗುರುತು ಹಿಡಿಯಿತು. ಊರಿಗೆ ಒಯ್ದೆ. ೨೦೦೫ರ ಬೇಸಿಗೆಯವರೆಗೆ ನನ್ನ ಜೊತೆ ಇತ್ತು. ಒಂದು ಕಾರ್ಡ್ ಬರೆದಿದ್ದರೆ ನಿನ್ನ ಭಾರ ಇಳಿಯುತ್ತಿತ್ತು. ಸೇಡಂನ ನಿನ್ನ ತವರುಮನೆಯ ವಿಳಾಸ ನನಗೆ ಬಾಯಿಪಾಠ. ಬೇಕೆಂದೇ ಬರೆಯಲಿಲ್ಲ. ಇದು ನನ್ನ ತಪ್ಪು, ಒಪ್ಪುತ್ತೇನೆ, ಕ್ಷಮೆ ಕೇಳುವುದಿಲ್ಲ.

ನಾಯಿಯ ವಿಷಯದಲ್ಲಿ ಕ್ಷಮಿಸು ಅಂದಿದ್ದೀ. ನಾಯಿ ಯಾವಾಗಲೋ ಕ್ಷಮಿಸಿತು. ನಿನ್ನ ಹೆಸರು ಹೇಳಿದರೆ ಕೊನೆಯವರೆಗೂ ಬಾಗಿಲ ಕಡೆ ನೋಡುತ್ತಿತ್ತು. ನಾನು ಹೇಳುವುದು ಪಟ್ಟಿಯ ಮಾತು.

ಮಾರ್ಚ್ ಕೊನೆಗೆ ಪಟ್ಟಿಯ ಹೆಸರುಗಳಿದ್ದ ನನ್ನ ಎರಡು ನೋಟುಬುಕ್ ಕೇಳಲು ಶಹಾಬಾದಿಗೆ ಬಂದಿದ್ದೆ. ನಿನ್ನ ಚಪ್ಪಲಿ ಬಾಗಿಲಲ್ಲಿತ್ತು. ನೀನು ಹೊರಗೆ ಬರಲಿಲ್ಲ. ಸರ್ "ಅವು ರದ್ದಿಗೆ ಹೋದ್ವು" ಅಂದರು. ಎಂಟು ತಿಂಗಳು ಮನೆಮನೆ ತಿರುಗಿ ಬರೆದದ್ದು. ಅಪ್ಪ ಅಂಬಾರಾಯ, ನಿನಗೆ ಗೊತ್ತಲ್ಲ, ಹೆಚ್ಚು ಮಾತಿನವರಲ್ಲ. "ಸಾಕು ಮಗಳ, ಇನ್ನ ಮನ್ಯಾಗಿರು," ಅಂದರು. ಮೂರು ವರ್ಷ ಎಮ್ಮೆ ಕಟ್ಟಿದೆ.

ಅದೇ ವರ್ಷ ದಸರೆಗೆ ಮುಂಚೆ ಒಂದು ದಿನ ನಮ್ಮೂರ ಎಸ್‌ಟಿಡಿ ಅಂಗಡಿಗೆ ಫೋನ್ ಬಂತು, ಭಾಗ್ಯನನ್ನು ಕರೆಯಿರಿ ಅಂತ. ಸೈದಾನಬಿ. ಅವಳ ಮಗಳು ಗುಲ್ಶನ್ ಹೆರಿಗೆಗೆ ಬಂದು ಆಸ್ಪತ್ರೆಯಲ್ಲಿದ್ದಳು. ಪ್ಲಾಟ್‌ಫಾರ್ಮಿನ ಮೇಲೆ ನಿನ್ನ ಜಡೆ ಹೆಣೆಯುತ್ತಿದ್ದ ಗುಲ್ಶನ್. ರಕ್ತ ನಿಲ್ಲುತ್ತಿರಲಿಲ್ಲ. ಬಿ ನೆಗೆಟಿವ್ ಬೇಕಿತ್ತು. "ಬೇಟಿ, ನಿಮ್ಮ ಕಂಪ್ಯೂಟರಿನಾಗ ಹೆಸರು ಅದಾವಲ್ಲ, ಝಟ್ ಅಂತ ನೋಡಿ ಹೇಳ," ಅಂದಳು. ಪಟ್ಟಿ ಹೋದದ್ದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿಕೊಂಡಿರಲಿಲ್ಲ, ನಿನ್ನ ಮರ್ಯಾದೆ ಹೋಗುತ್ತದೆಂದು.

ಪಟ್ಟಿಯಲ್ಲಿ ಬಿ ನೆಗೆಟಿವ್‌ನವರು ಒಂಬತ್ತು ಜನ ಇದ್ದರು. ಒಂಬತ್ತು ಎಂಬುದು ನೆನಪಿತ್ತು, ಹೆಸರು ನೆನಪಿರಲಿಲ್ಲ. ಆ ಅಂಗಡಿಯ ಕಟ್ಟೆಯ ಮೇಲೆ ಕೂತು ತಲೆ ಬಡಿದುಕೊಂಡೆ ಧನಶ್ರೀ. ಎರಡು ಹೆಸರು ಬಂದವು. ಒಬ್ಬ ರೈಲ್ವೆಯವನು, ಸೊಲ್ಲಾಪುರದ ಕಡೆ ಡ್ಯೂಟಿಗೆ ಹೋಗಿದ್ದ. ಇನ್ನೊಬ್ಬ ಚಿತ್ತಾಪುರದ ಮಾಸ್ತರ. ದೇವಾನಂದ ಸೈಕಲ್ ಮೋಟರಿನ ಮೇಲೆ ಹೋಗಿ ಅವನನ್ನು ಪಾಠದ ನಡುವೆ ಎಬ್ಬಿಸಿ ಕರೆದೊಯ್ದ. ಅವರು ಮುಟ್ಟುವ ಮುಂಚೆ ಗುಲ್ಶನ್ ಹೋಗಿದ್ದಳು. ಮಗು ಉಳಿಯಿತು.

ಪಟ್ಟಿ ಇದ್ದಿದ್ದರೆ ಉಳಿಯುತ್ತಿದ್ದಳು ಎಂದು ನಾನು ಹೇಳಲಾರೆ. ಯಾರೂ ಹೇಳಲಾರರು. ಆದರೆ ಒಂಬತ್ತು ಬಾಗಿಲು ಬಡಿಯಬಹುದಿತ್ತು. ನಿನಗೆ ಇದು ಗೊತ್ತೇ ಇಲ್ಲವೆಂದೂ ನಾನು ನಂಬಲಾರೆ. ಆ ವರ್ಷವೂ ನೀನು ದಿನಾ ವಾಡಿಯಲ್ಲಿ ಇಳಿಯುತ್ತಿದ್ದೆ. ಚಹಾ ಅಂಗಡಿ ಮುಚ್ಚಿದ್ದು ಯಾಕೆಂದು ಪಕ್ಕದವರನ್ನು ಕೇಳದೆ ಇರುವವಳಲ್ಲ ನೀನು. ಅವಳು ಅಂಗಡಿ ಬಿಟ್ಟು ಹೋದಳೆಂದು ಒಂದೇ ಸಾಲಿನಲ್ಲಿ ದಾಟಿದ್ದೀ. ಅವಳು ಹೋದದ್ದು ಮೊಮ್ಮಗಳನ್ನು ಸಾಕುವುದಕ್ಕೆ.

ನನ್ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಯಿ ಹುಡುಕಲು ಈ ದಾರಿಯಲ್ಲಿ ಓಡಾಡುವಾಗ ಚಂದಾಪುರದ ಆಫೀಸುಗಳಿಗೆ ಕಂಪ್ಯೂಟರ್ ಬರುತ್ತಿದ್ದದ್ದನ್ನೂ ರಿಪೇರಿಯವರು ಇಲ್ಲದ್ದನ್ನೂ ನೋಡಿದ್ದೆ. ಅಪ್ಪನನ್ನು ಒಪ್ಪಿಸಿ ೨೦೦೩ರಲ್ಲಿ ಇಲ್ಲಿಗೆ ಬಂದೆ. ಹೊಸ ಪಟ್ಟಿ ಮಾಡಿದ್ದೇನೆ. ಮೂರು ಕಡೆ ನಕಲು ಇಟ್ಟಿದ್ದೇನೆ, ಒಂದು ಕಾಗದದ ಮೇಲೆ.

ನೀನು ಕೇಳಿದ ಫ್ಲಾಪಿ ಈ ಪತ್ರದ ಜೊತೆಗಿದೆ. ಓಡುತ್ತದೆ, ನಿನ್ನೆ ನೋಡಿದೆ. ಅದರಲ್ಲಿ ಮೆನು ಮತ್ತು ಬಣ್ಣ ನಿನ್ನದು. ಹುಡುಕುವ ಭಾಗ ನಾನು ಬರೆದದ್ದು. ಸಂದರ್ಶನದಲ್ಲಿ ಅದನ್ನು ಕೇಳಿದರೆ ಹೇಗೆ ಹೇಳಬೇಕೆಂದು ಓದಿಕೊಂಡು ಹೋಗು. ಮೊದಲ ಸಾಲಿನಲ್ಲಿ ಇಬ್ಬರ ಹೆಸರೂ ಇವೆ. ನನ್ನದನ್ನು ತೆಗೆದು ಕಳಿಸಬಹುದಿತ್ತು, ತೆಗೆದಿಲ್ಲ. ತೆಗೆಯುವುದಿದ್ದರೆ ನೀನೇ ತೆಗೆ. ಅಳಿಸುವುದು ನಿನಗೆ ಬರುತ್ತದೆ.

ಇನ್ನು ಬರೆಯಬೇಡ.

ಭಾಗ್ಯ ಅಂಬಾರಾಯ

ತಾ.ಕ.: ಗುರುವಾರ ನಿನ್ನ ಪತ್ರವನ್ನು ಸಹಿಯವರೆಗೆ ಓದಿ, ಅಂಗಡಿ ಮುಚ್ಚಿ, ಸೀರೆ ಬದಲಿಸಿ ಸೇಡಂ ಬಸ್ ಹತ್ತಿದ್ದೆ. ಎದುರಿಗೆ ಕೂತು ಗುಲ್ಶನ್‌ಳ ಮಾತು ಹೇಳಬೇಕು, ಹೊಟ್ಟೆ ತುಂಬ ಬೈಯಬೇಕು, ಆಮೇಲೆ ಇಬ್ಬರೂ ಅಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ. ನಿನ್ನ ಮಗಳಿಗೆಂದು ಬತ್ತಾಸು ತೆಗೆದುಕೊಂಡಿದ್ದೆ. ನಿನ್ನ ಈಗಿನ ಮನೆಯ ವಿಳಾಸ ನೋಡೋಣವೆಂದು ಪತ್ರ ತೆಗೆದಾಗ ಕೊನೆಯ ಹಾಳೆಯ ಹಿಂಬದಿಗೂ ಬರೆದದ್ದು, ನಿನ್ನ ಆ 'ಸಣ್ಣ ವಿಷಯ', ಕಂಡಿತು. ನಡುದಾರಿಯಲ್ಲೇ, ಸುಲೇಪೇಟದಲ್ಲಿ ಇಳಿದೆ. ತಿರುಗಿ ಬರುವ ಬಸ್ಸಿಗೆ ಒಂದು ತಾಸು ನಿಲ್ಲಬೇಕಾಯಿತು.